ಹ್ಯಾಂಡಿಕ್ಯಾಮ್: ಕೋಲಾರ ಸೀಮೆಯಲ್ಲಿ ಅದರ ಬಲ, ಅದರ ಕೊರತೆ

ಚಿತ್ರವನ್ನೂ ಸದ್ದನ್ನೂ ಒಟ್ಟಿಗೆ ಹಿಡಿಯುವ, ಒಂದೇ ಕೈಯಲ್ಲಿ ಆಡಿಸಬಹುದಾದ ಮನೆಬಳಕೆಯ ವಿಡಿಯೋ ಕ್ಯಾಮೆರಾ. ಈ ಬಗೆಯ ಯಂತ್ರಗಳ ಸಾಮಾನ್ಯ ಹೆಸರು ಕ್ಯಾಮ್‌ಕಾರ್ಡರ್. ಹ್ಯಾಂಡಿಕ್ಯಾಮ್ ಎಂಬುದು ಜಪಾನಿನ ಸೋನಿ ಕಂಪನಿ 1985ರಿಂದ ತನ್ನ ಕ್ಯಾಮೆರಾಗಳಿಗೆ ಇಟ್ಟುಕೊಂಡು ಬಂದ ಹೆಸರು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಕ್ಯಾಮ್‌ಕಾರ್ಡರ್ ಎಂಬ ಮಾತು ಅಂಗಡಿಯ ಡಬ್ಬಿಯ ಮೇಲಷ್ಟೇ ಉಳಿಯಿತು. ಪ್ಯಾನಸೋನಿಕ್ ಆಗಲಿ, ಜೆವಿಸಿ ಆಗಲಿ, ಕ್ಯಾನನ್ ಆಗಲಿ, ಅಂಗೈಗೆ ಪಟ್ಟಿ ಬಿಗಿದು ಹಿಡಿಯುವುದೆಲ್ಲ ಜನರ ಬಾಯಲ್ಲಿ ಹ್ಯಾಂಡಿಕ್ಯಾಮೇ. ಹೆಗಲ ಮೇಲೆ ಕೂರುವುದು ಮಾತ್ರ ‘ವಿಡಿಯೋ ಕ್ಯಾಮೆರಾ’. ಈ ವಿಂಗಡಣೆಯಲ್ಲಿ ತಾಂತ್ರಿಕತೆಗಿಂತ ಮರ್ಯಾದೆಯ ಪ್ರಶ್ನೆ ಹೆಚ್ಚು. ಅದನ್ನು ಮುಂದೆ ನೋಡಬಹುದು.

ಹುಟ್ಟು ಮತ್ತು ಬರವು

ಮೊದಲು ಕ್ಯಾಮೆರಾ ಬೇರೆ, ಟೇಪು ಓಡಿಸುವ ಪೆಟ್ಟಿಗೆ ಬೇರೆ; ನಡುವೆ ಒಂದು ಕೇಬಲ್. ಎರಡನ್ನೂ ಒಂದೇ ಮೈಯೊಳಗೆ ಸೇರಿಸಿ ಮನೆಬಳಕೆಗೆ ಮೊದಲು ಮಾರಿದ್ದು ಸೋನಿಯ ಬೀಟಾಮೂವಿ, 1983ರಲ್ಲಿ. ತೂಕ ಸುಮಾರು ಎರಡೂವರೆ ಕಿಲೋ. ತೆಗೆದದ್ದನ್ನು ಅದರಲ್ಲೇ ಹಿಂದಕ್ಕೆ ಸುತ್ತಿ ನೋಡುವ ಅನುಕೂಲ ಇರಲಿಲ್ಲ. ಮರುವರ್ಷ ಜೆವಿಸಿ ಕಂಪನಿ ಚಿಕ್ಕ ವಿಎಚ್‌ಎಸ್-ಸಿ ಕ್ಯಾಸೆಟ್ಟಿನ ಜಿಆರ್-ಸಿ1 ಹೊರತಂದಿತು. 1985ರಲ್ಲಿ ಎಂಟು ಮಿಲಿಮೀಟರ್ ಅಗಲದ ಟೇಪಿನ ‘ವಿಡಿಯೋ-8’ ಬಂದ ಮೇಲೆ ಗಾತ್ರ ಬೇಗಬೇಗ ಇಳಿಯಿತು. 1989ರ ಸೋನಿ ಟಿಆರ್55 ತೂಗುತ್ತಿದ್ದದ್ದು 790 ಗ್ರಾಂ. ಪಾಸ್‌ಪೋರ್ಟ್ ಗಾತ್ರ ಎಂದೇ ಅದರ ಜಾಹೀರಾತು. 1995ರಲ್ಲಿ ಡಿಜಿಟಲ್ ಟೇಪು (ಮಿನಿಡಿವಿ), ನಂತರದ ಹತ್ತು ವರ್ಷಗಳಲ್ಲಿ ಸಣ್ಣ ಡಿವಿಡಿ ಮತ್ತು ಹಾರ್ಡ್ ಡಿಸ್ಕ್, 2006ರಿಂದ ಎವಿಸಿಎಚ್‌ಡಿ ಎಂಬ ಹೈ-ಡೆಫಿನಿಷನ್ ಪದ್ಧತಿ, ಕೊನೆಗೆ ಬೆರಳ ತುದಿಯಷ್ಟು ಮೆಮೊರಿ ಕಾರ್ಡು. ಯಂತ್ರ ಸಣ್ಣದಾದಷ್ಟೂ ಅದರೊಳಗಿನ ದಾಖಲೆಯ ಆಯುಸ್ಸು ಅನುಮಾನಕ್ಕೆ ಬೀಳುತ್ತಾ ಹೋಯಿತು ಎಂಬುದು ಈ ಚರಿತ್ರೆಯ ಇನ್ನೊಂದು ಮುಖ.

ಕೋಲಾರ ಸೀಮೆಯಲ್ಲಿ ವಿಡಿಯೋ ಮೊದಲು ಕಾಲಿಟ್ಟದ್ದು ಸ್ಟುಡಿಯೋಗಳ ಮೂಲಕ, ಹೆಗಲ ಮೇಲೆ. ಪೂರ್ಣ ಗಾತ್ರದ ವಿಎಚ್‌ಎಸ್ ಕ್ಯಾಸೆಟ್ ನುಂಗುವ ಪ್ಯಾನಸೋನಿಕ್ ಎಂ ಸರಣಿಯ ಕ್ಯಾಮೆರಾಗಳು ಆಗ ಇಡೀ ದೇಶದ ಮದುವೆ ಮನೆಗಳ ಪರಿಚಿತ ಮುಖ. ಹ್ಯಾಂಡಿಕ್ಯಾಮ್ ಮಾತ್ರ ಸ್ಟುಡಿಯೋ ದಾರಿಯಲ್ಲಿ ಬರಲಿಲ್ಲ, ಸೂಟ್‌ಕೇಸಿನಲ್ಲಿ ಬಂತು. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದವರು, ಅಮೆರಿಕಕ್ಕೆ ಹೋದ ಎಂಜಿನಿಯರ್ ಮಕ್ಕಳು ರಜೆಗೆ ಬರುವಾಗ ಬಟ್ಟೆಗಳ ನಡುವೆ ಸುತ್ತಿ ತಂದ ವಸ್ತುಗಳಲ್ಲಿ ಅದೂ ಒಂದು.

ಇಲ್ಲಿಯೇ ಅದರ ಮೊದಲ ಕೊರತೆ ಎದುರಾಯಿತು. ನಮ್ಮ ದೂರದರ್ಶನದ್ದು ಪ್ಯಾಲ್ ಪದ್ಧತಿ: ಸೆಕೆಂಡಿಗೆ 25 ಚಿತ್ರ. ದುಬೈ, ಸಿಂಗಪುರದಲ್ಲಿ ಕೊಂಡ ಕ್ಯಾಮೆರಾ ಅದಕ್ಕೆ ಹೊಂದುತ್ತಿತ್ತು. ಅಮೆರಿಕದಿಂದ ಬಂದದ್ದು ಎನ್‌ಟಿಎಸ್‌ಸಿ. ಸೆಕೆಂಡಿಗೆ ಸುಮಾರು 30 ಚಿತ್ರ. ಹಳೆಯ ಟಿವಿಗೆ ಅದನ್ನು ಜೋಡಿಸಿದರೆ ಬಣ್ಣ ಹೋಗಿ ಚಿತ್ರ ಉರುಳುತ್ತಿತ್ತು. ಎರಡೂ ಪದ್ಧತಿಯ ಟಿವಿಗಳು ಬಂದ ಮೇಲೆ ಅದು ಬಗೆಹರಿಯಿತಾದರೂ ಟ್ಯೂಬ್‌ಲೈಟಿನ ಕಾಟ ಉಳಿಯಿತು. ನಮ್ಮ ಕರೆಂಟು 50 ಹರ್ಟ್ಸ್‌ನದು, ಟ್ಯೂಬು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಕಣ್ಣಿಗೆ ಅದು ಕಾಣದು. ಒಂದೊಂದು ಚಿತ್ರವನ್ನೂ ಎರಡು ಪಾಲಾಗಿ, ಸೆಕೆಂಡಿಗೆ ಅರವತ್ತರ ಲೆಕ್ಕದಲ್ಲಿ ನೋಡುವ ಅಮೆರಿಕದ ಕ್ಯಾಮೆರಾಕ್ಕೆ ಕಾಣುತ್ತದೆ. ಇಡೀ ಛತ್ರವೇ ಉಸಿರಾಡುತ್ತಿರುವಂತೆ ಚಿತ್ರ ಬೆಳಗಿ ಮಂಕಾಗುತ್ತದೆ. ದುಬಾರಿ ಕ್ಯಾಮೆರಾ, ಹೊಸದು, ಆದರೂ ಹೀಗೇಕೆ ಎಂಬ ಪ್ರಶ್ನೆಗೆ ಉತ್ತರ ಯಂತ್ರದಲ್ಲಿರಲಿಲ್ಲ, ಗೋಡೆಯ ಸಾಕೆಟ್ಟಿನಲ್ಲಿತ್ತು.

ಹೆಗಲಿನ ಮರ್ಯಾದೆ

ಮದುವೆಗೆ ವಿಡಿಯೋ ತೆಗೆಸುವುದೆಂದರೆ ಬರೀ ದಾಖಲೆ ಮಾಡಿಸುವುದಲ್ಲ. ವಿಡಿಯೋ ತೆಗೆಸುತ್ತಿದ್ದೇವೆ ಎಂದು ಛತ್ರಕ್ಕೆಲ್ಲ ತೋರಿಸುವುದು ಕೂಡ. ಹೆಗಲ ಮೇಲೆ ದೊಡ್ಡ ಕ್ಯಾಮೆರಾ, ಹಿಂದೆ ವೈರು ಎಳೆದುಕೊಂಡು ಹಾಲೋಜನ್ ಲೈಟು ಹಿಡಿದ ಹುಡುಗ. ಈ ಮೆರವಣಿಗೆ ಊಟದ ಹಾಲಿಗೆ ನುಗ್ಗಿದಾಗ ಜನ ತುತ್ತು ನಿಲ್ಲಿಸಿ ತಲೆ ಸರಿಮಾಡಿಕೊಳ್ಳುತ್ತಿದ್ದರು. ಇಂಥ ಕಡೆ ಅಂಗೈಯಲ್ಲಿ ಅಡಗುವ ಕ್ಯಾಮೆರಾ ತಂದ ಸ್ಟುಡಿಯೋದವರಿಗೆ ಹೇಳಿದಷ್ಟು ರೇಟು ಸಿಗುವುದು ಕಷ್ಟ. ‘ಇಂಥದ್ದು ನಮ್ಮ ಭಾವಮೈದನ ಹತ್ತಿರಾನೂ ಐತೆ’ ಎಂಬ ಒಂದು ಮಾತಿಗೆ ವ್ಯಾಪಾರ ಮುಗಿಯಿತು.

ಇದನ್ನು ಕಂಪನಿಗಳೂ ಅರಿತಿದ್ದವು. ಸೋನಿ ಎಚ್‌ವಿಆರ್-ಎಚ್‌ಡಿ1000, ನಂತರದ ಎಚ್‌ಎಕ್ಸ್‌ಆರ್-ಎಂಸಿ2500 ನಮ್ಮ ಮದುವೆ ಸ್ಟುಡಿಯೋಗಳಲ್ಲಿ ಚೆನ್ನಾಗಿ ಓಡಿದ ಹೆಗಲ ಕ್ಯಾಮೆರಾಗಳು. ಬಿಚ್ಚಿ ನೋಡಿದರೆ ಒಳಗಿನ ಸೆನ್ಸರ್ ಒಂದೇ, ಅದೂ ಹ್ಯಾಂಡಿಕ್ಯಾಮಿನ ಅಂದಾಜಿನದು. ಎಂಸಿ2500ರಲ್ಲಿ ಅದು ಬರೀ ಕಾಲು ಇಂಚಿನ ವರ್ಗದ್ದು. ಹೊರಗಿನ ಉದ್ದನೆಯ ಮೈಯಲ್ಲಿ ಹೆಚ್ಚಿನ ಪಾಲು ಹೆಗಲಿಗಾಗಿ, ಉಳಿದದ್ದು ನೋಡುವವರ ಕಣ್ಣಿಗಾಗಿ. ಇದನ್ನು ಮೋಸವೆಂದು ಕರೆಯಲಾಗದು: ಹೆಗಲ ಮೇಲೆ ಭಾರ ಕೂತರೆ ಕೈ ನಡುಗುವುದು ಕಡಿಮೆ, ಮೈಕಿಗೆ, ಹೊರಗಿನ ಲೈಟಿಗೆ ಜಾಗವೂ ಸಿಗುತ್ತದೆ. ಆದರೆ ಹ್ಯಾಂಡಿಕ್ಯಾಮನ್ನು ‘ಆಟದ ಸಾಮಾನು’ ಎಂದು ತಳ್ಳಿದವರು ತಮಗರಿಯದೆಯೇ ಅದರ ಅಣ್ಣತಮ್ಮಂದಿರಿಗೇ ಹಣ ಕೊಟ್ಟಿದ್ದರು.

ಕತ್ತಲೆ

ಈ ಸೀಮೆಯಲ್ಲಿ ಹ್ಯಾಂಡಿಕ್ಯಾಮಿನ ನಿಜವಾದ ಶತ್ರು ಕತ್ತಲೆ. ಇಲ್ಲಿ ನೋಡಬೇಕಾದದ್ದೆಲ್ಲ ನಡೆಯುವುದು ರಾತ್ರಿ ಅಥವಾ ಕಲ್ಲಿನ ಗರ್ಭಗುಡಿಯೊಳಗೆ. ಕೋಲಾರ, ಮಾಲೂರಿನ ದ್ರೌಪದಿ ಕರಗ ರಾತ್ರಿಯದು. ಕೋಲಾರದ ಪಕ್ಕದ ತೇರಹಳ್ಳಿ ಬೆಟ್ಟದಲ್ಲಿ ಕೋಟಿಗಾನಹಳ್ಳಿ ರಾಮಯ್ಯನವರು ಮತ್ತು ಗೆಳೆಯರು ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರದ ‘ಹುಣ್ಣಿಮೆ ಹಾಡು’ ಹೆಸರೇ ಹೇಳುವಂತೆ ಬೆಳದಿಂಗಳಿನದು. ಮುಳಬಾಗಿಲು ತಾಲ್ಲೂಕಿನ ಕುರುಡುಮಲೆಯ ದೊಡ್ಡ ಗಣಪತಿ ನಿಂತಿರುವುದು ಎಣ್ಣೆದೀಪದ ನೆರಳಿನಲ್ಲಿ.

ಚಿಕ್ಕ ಕ್ಯಾಮೆರಾಕ್ಕೆ ಬೆಳಕು ಸಾಲದಿರಲು ಕಾರಣ ಸರಳ. ಬೆಳಕು ಬೀಳುವ ಸೆನ್ಸರ್ ಚಿಕ್ಕದಾದರೆ ಅದಕ್ಕೆ ದಕ್ಕುವ ಬೆಳಕೂ ಕಡಿಮೆ. 2015ರ ಸೋನಿ ಸಿಎಕ್ಸ್405, ಇಲ್ಲಿ ಮನೆಮಂದಿ ಕೊಂಡ ಕೊನೆಯ ತಲೆಮಾರಿನ ಹ್ಯಾಂಡಿಕ್ಯಾಮುಗಳಲ್ಲೊಂದು. ಅದರ ಸೆನ್ಸರ್ ಒಂದು ಹೆಸರುಕಾಳಿಗಿಂತ ಚಿಕ್ಕದು. ಸ್ಟುಡಿಯೋದವರು ಈಗ ಬಳಸುವ ಫುಲ್ ಫ್ರೇಮ್ ಕ್ಯಾಮೆರಾದ್ದು 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರ. ಬಾವಿಗೆ ಬಿಂದಿಗೆ ಇಳಿಸುವುದಕ್ಕೂ ಲೋಟ ಇಳಿಸುವುದಕ್ಕೂ ಇರುವ ವ್ಯತ್ಯಾಸ. ಬೆಳಕು ಸಾಲದಾಗ ಕ್ಯಾಮೆರಾ ತಾನಾಗಿಯೇ ಸಂಕೇತವನ್ನು ಹಿಗ್ಗಿಸುತ್ತದೆ, ಆಗ ಚಿತ್ರದ ತುಂಬ ರವೆ ಚೆಲ್ಲಿದಂತೆ ಕಾಳುಕಾಳು. ಇನ್ನೂ ಕತ್ತಲಾದರೆ ಎಲ್ಲಿಗೆ ಫೋಕಸ್ ಮಾಡಬೇಕೆಂಬುದು ಅದಕ್ಕೇ ತಿಳಿಯದು. ಕರಗ ಹತ್ತಿರ ಬರುವ ಹೊತ್ತಿಗೆ ಚಿತ್ರ ಮಸಕಾಗಿ, ದಾಟಿ ಹೋದ ಮೇಲೆ ಸ್ಪಷ್ಟವಾಗುವುದು ಹ್ಯಾಂಡಿಕ್ಯಾಮ್ ಹಿಡಿದ ಅನೇಕರ ಅನುಭವ.

1998ರಲ್ಲಿ ಸೋನಿ ಇದಕ್ಕೆ ‘ನೈಟ್‌ಶಾಟ್’ ಎಂಬ ಮದ್ದು ಹುಡುಕಿತು. ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಕ್ಯಾಮೆರಾವೇ ಬಿಡುತ್ತದೆ, ಅದೇ ಬೆಳಕಿನಲ್ಲಿ ನೋಡುತ್ತದೆ. ಹಗಲಿನಲ್ಲಿ ಅದನ್ನು ಬಳಸಿದರೆ ಕೆಲವು ತೆಳು ಬಟ್ಟೆಗಳ ಮೂಲಕವೂ ಕಾಣುತ್ತದೆಂಬ ಗಲಾಟೆ ಎದ್ದು, ಕಂಪನಿ ಮುಂದಿನ ಮಾದರಿಗಳಲ್ಲಿ ಅದಕ್ಕೆ ಕಡಿವಾಣ ಹಾಕಬೇಕಾಯಿತು. ಮೇಲಾಗಿ ಆ ಬೆಳಕಿನಲ್ಲಿ ಲೋಕವೆಲ್ಲ ಹಸಿರು. ಅರಿಶಿನ, ಕುಂಕುಮ, ರೇಷ್ಮೆ ಎಲ್ಲವೂ ಒಂದೇ ಬಣ್ಣ. ಮಲ್ಲಿಗೆ ಮಾತ್ರ ಕೆಂಡದಂತೆ ಹೊಳೆಯುತ್ತದೆ. ಕರಗವನ್ನು ಹೀಗೆ ತೆಗೆದ ಚಿತ್ರ ನೋಡಲು ವಿಚಿತ್ರ ಚಂದವೇ. ಆದರೆ ಮನೆಯವರು ಅದನ್ನು ‘ದೆವ್ವದ ವಿಡಿಯೋ’ ಎಂದು ಬದಿಗಿಟ್ಟರೆ ತಪ್ಪು ಹೇಳುವಂತಿಲ್ಲ. ಲೈಟು ಹಾಕುವುದು ಉಳಿದ ದಾರಿ. ಹೂವಿನ ಕರಗ ಹೊತ್ತು ನಡೆಯುವವರ ಕಣ್ಣಿಗೆ ಲೈಟು ಹೊಡೆಯುವುದು ಎಷ್ಟು ಸರಿ ಎಂಬುದನ್ನು ಕ್ಯಾಮೆರಾದ ಕೈಪಿಡಿ ಹೇಳುವುದಿಲ್ಲ.

ಮದುವೆ ಮನೆಯಲ್ಲಿ ಬೆಳಕೇ ಇನ್ನೊಂದು ಬಗೆಯ ತೊಂದರೆ ಕೊಡುತ್ತದೆ. ಹಳೆಯ ಸಿಸಿಡಿ ಸೆನ್ಸರಿನಲ್ಲಿ ಮಂಟಪದ ಬಲ್ಬಿನಿಂದ ಮೇಲೆ ಕೆಳಗೆ ನೇರ ಬೆಳಕಿನ ಗೀಟು ಏಳುತ್ತಿತ್ತು. ಅದರ ಜಾಗಕ್ಕೆ ಬಂದ ಸಿಮಾಸ್ ಸೆನ್ಸರ್ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತದೆ. ಅದು ಓದುತ್ತಿರುವಾಗಲೇ ಪಕ್ಕದ ಫೋಟೋಗ್ರಾಫರನ ಫ್ಲಾಶ್ ಹೊಡೆದರೆ ಚಿತ್ರದ ಅರ್ಧ ಬೆಳ್ಳಗೆ, ಅರ್ಧ ಮಾಮೂಲು. ಮಾಂಗಲ್ಯಧಾರಣೆಯ ಹೊತ್ತಿಗೆ ಫ್ಲಾಶುಗಳು ಒಂದರ ಮೇಲೊಂದು ಹೊಡೆಯುವುದರಿಂದ, ಇಡೀ ವಿಡಿಯೋದಲ್ಲಿ ಅತಿ ಹೆಚ್ಚು ಹರಿದುಹೋದಂತೆ ಕಾಣುವುದು ಆ ಅರ್ಧ ನಿಮಿಷವೇ.

ರಾತ್ರಿಯಿಡೀ ಕುರುಕ್ಷೇತ್ರ

ಹ್ಯಾಂಡಿಕ್ಯಾಮಿನ ಬಲ ಕಾಣಬೇಕಾದರೆ ಹಳ್ಳಿಯ ಪೌರಾಣಿಕ ನಾಟಕಕ್ಕೆ ಹೋಗಬೇಕು. ಕುರುಕ್ಷೇತ್ರ ಈ ಭಾಗದ ಊರುಗಳ ಅಚ್ಚುಮೆಚ್ಚು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ, ಸೀನರಿ ಬಾಡಿಗೆಗೆ ಬರುತ್ತದೆ, ಪಾತ್ರಧಾರಿಗಳು ಕೈಯಿಂದ ಹಣ ಹಾಕುತ್ತಾರೆ. ರಾತ್ರಿ ಶುರುವಾದದ್ದು ಬೆಳಗಿನ ಜಾವದವರೆಗೆ. ದುರ್ಯೋಧನನ ಪಾತ್ರಕ್ಕೆ ದುಡ್ಡು ಕೊಟ್ಟವರಿಗೆ ತಮ್ಮ ಹಾಡು, ಮಾತು, ಮೀಸೆ ಎಲ್ಲವೂ ವಿಡಿಯೋದಲ್ಲಿ ಬೇಕು, ಕತ್ತರಿಸದೆ ಬೇಕು. ರಂಗದ ಮೇಲೆ ಫೋಕಸ್ ಲೈಟು ಧಾರಾಳವಾಗಿರುವುದರಿಂದ ಇಲ್ಲಿ ಕತ್ತಲೆಯ ದೂರು ಅಷ್ಟಾಗಿ ಇಲ್ಲ.

ಇಂಥ ಕೆಲಸಕ್ಕೆ ಹ್ಯಾಂಡಿಕ್ಯಾಮಿನಷ್ಟು ಒಗ್ಗುವ ಯಂತ್ರ ಇನ್ನೊಂದಿಲ್ಲ. ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಕೆಂಪು ಗುಂಡಿ ಒತ್ತಿದರೆ ಆಯಿತು. ಸಿಎಕ್ಸ್405ರದು 30 ಪಟ್ಟು ಆಪ್ಟಿಕಲ್ ಜೂಮ್. ಜನರ ಹಿಂದೆ, ಸೋಡಾ ಗಾಡಿಯ ಪಕ್ಕ ನಿಂತೇ ಶಕುನಿಯ ಕಣ್ಣು ಹಿಡಿಯಬಹುದು. ಡಬ್ಬಿಯ ಮೇಲೆ ದೊಡ್ಡ ಅಂಕಿಯಲ್ಲಿ ಬರೆದಿರುವ ಡಿಜಿಟಲ್ ಜೂಮನ್ನು ನಂಬಬಾರದು. ಅದು ಹತ್ತಿರ ತರುವುದಿಲ್ಲ, ಇದ್ದುದನ್ನೇ ಹಿಗ್ಗಿಸುತ್ತದೆ. ಫೋಟೋ ಕ್ಯಾಮೆರಾಗಳಿಗೆ 2008ರ ಕ್ಯಾನನ್ 5ಡಿ ಮಾರ್ಕ್ 2 ನಂತರ ಸೊಗಸಾದ ವಿಡಿಯೋ ಶಕ್ತಿ ಬಂತಾದರೂ, ಅವುಗಳಲ್ಲಿ ಬಹುಪಾಲು ಅರ್ಧ ಗಂಟೆಯೊಳಗೆ ತಾವಾಗಿಯೇ ನಿಲ್ಲುತ್ತಿದ್ದವು. ಯುರೋಪಿನಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಓಡುವ ಕ್ಯಾಮೆರಾಕ್ಕೆ ವಿಡಿಯೋ ಯಂತ್ರದ ಸುಂಕ ಬೀಳುತ್ತಿತ್ತು. ಆ ಸುಂಕ ಉಳಿಸಲು ಹಾಕಿದ ಬೇಲಿ ಶ್ರೀನಿವಾಸಪುರದ ಹಳ್ಳಿಯ ಭೀಮನ ಮಾತನ್ನೂ ನಡುವೆ ತುಂಡರಿಸುತ್ತಿತ್ತು. ಹ್ಯಾಂಡಿಕ್ಯಾಮಿಗೆ ಆ ಬೇಲಿ ಇಲ್ಲ, ಬಿಸಿಯೇರಿ ನಿಲ್ಲುವ ಅಭ್ಯಾಸವೂ ಕಡಿಮೆ.

ಟೇಪಿನ ಕಾಲದಲ್ಲಿ ಇದೇ ಕೆಲಸ ಪಡಿಪಾಟಲು. ಮಿನಿಡಿವಿ ಕ್ಯಾಸೆಟ್ 60 ನಿಮಿಷದ್ದು, ನಾಟಕಕ್ಕೆ ಏಳೆಂಟು ಬೇಕು, ಪ್ರತಿ ಸಲ ಬದಲಿಸುವಾಗ ಒಂದು ಕಂದಪದ್ಯ ಹೋಯಿತೆಂದೇ ಲೆಕ್ಕ. 90 ನಿಮಿಷಕ್ಕೆ ಎಳೆಯುವ ‘ಎಲ್‌ಪಿ’ ವಿಧಾನದಲ್ಲಿ ತೆಗೆದದ್ದು ಬೇರೆ ಯಂತ್ರದಲ್ಲಿ ಓಡುವ ಭರವಸೆ ಇರಲಿಲ್ಲ. ಕಾರ್ಡು ಬಂದ ಮೇಲೆ ಲೆಕ್ಕವೇ ಬೇರೆ. ಸೆಕೆಂಡಿಗೆ 17 ಮೆಗಾಬಿಟ್ ವೇಗದ ಎವಿಸಿಎಚ್‌ಡಿ ಗಂಟೆಗೆ ಏಳೂವರೆ ಜಿಬಿ ತಿನ್ನುತ್ತದೆ. 64 ಜಿಬಿ ಕಾರ್ಡಿನಲ್ಲಿ ಎಂಟು ಗಂಟೆ. ವಿದುರನ ಮನೆಯಿಂದ ಗದಾಯುದ್ಧದವರೆಗೆ ಒಂದೇ ಕಾರ್ಡು. ನಡುವೆ ಕರೆಂಟು ಹೋದರೆ ಬ್ಯಾಟರಿ ಇದೆ. ಬ್ಯಾಟರಿ ಸಾಲದಿದ್ದರೆ ಹೊಸ ಮಾದರಿಗಳನ್ನು ಪವರ್‌ಬ್ಯಾಂಕಿಗೆ ಸಿಕ್ಕಿಸಬಹುದು.

ಇದೇ ಗುಣ, ಬಹಳ ಹೊತ್ತು ತಕರಾರಿಲ್ಲದೆ ಓಡುವ ಗುಣ, ಹ್ಯಾಂಡಿಕ್ಯಾಮಿಗೆ ಸರ್ಕಾರಿ ಕೆಲಸವನ್ನೂ ತಂದುಕೊಟ್ಟಿತು. ಚುನಾವಣೆ ಬಂದರೆ ಪ್ರಚಾರಸಭೆಗಳನ್ನು ಚಿತ್ರಿಸುವ ವಿಡಿಯೋ ಕಣ್ಗಾವಲು ತಂಡಗಳಿಗೆ ಕ್ಯಾಮೆರಾದವರು ಬೇಕು. ಇಲ್ಲಿ ಸೊಗಸು ಬೇಕಿಲ್ಲ, ದಿನಾಂಕ ಮತ್ತು ಸಮಯ ಬೇಕು. ವಿಪರ್ಯಾಸವೆಂದರೆ ಹಳೆಯ ಹ್ಯಾಂಡಿಕ್ಯಾಮುಗಳು ಎಡವುತ್ತಿದ್ದದ್ದು ಅಲ್ಲಿಯೇ. ಒಳಗಿನ ಪುಟ್ಟ ಬ್ಯಾಟರಿ ಸತ್ತರೆ ಗಡಿಯಾರ ಯಾವುದೋ ಹಳೆಯ ವರ್ಷದ ಜನವರಿ 1ಕ್ಕೆ ಜಾರುತ್ತದೆ. ವೈಶಾಖದ ಮದುವೆಯ ವಿಡಿಯೋದ ಮೂಲೆಯಲ್ಲಿ ಜನವರಿ ಕೂತಿರುವುದು ಇಂದಿಗೂ ಎಷ್ಟೋ ಮನೆಗಳ ಕ್ಯಾಸೆಟ್ಟುಗಳಲ್ಲಿ ಕಾಣುತ್ತದೆ.

ದೂಳಿನ ಮಾತು ಒಂದೆರಡು ಸಾಲಿಗೆ ಸಾಕು. ಮಾಲೂರಿನ ಇಟ್ಟಿಗೆ ಗೂಡು, ಕೋಲಾರದ ಕಲ್ಲು ಕ್ವಾರಿ, ಬೇಸಿಗೆಯಲ್ಲಿ ಶ್ರೀನಿವಾಸಪುರದ ಮಾವಿನ ಮಂಡಿಯ ಲಾರಿಗಳು: ಟೇಪಿನ ಕ್ಯಾಮೆರಾಕ್ಕೆ ಇವ್ಯಾವುವೂ ಆಗಿಬರುತ್ತಿರಲಿಲ್ಲ. ತಿರುಗುವ ಹೆಡ್ಡಿನ ಮೇಲೆ ಒಂದು ಕಣ ಕೂತರೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಕಾರ್ಡಿನ ಕ್ಯಾಮೆರಾಕ್ಕೆ ಈ ಕಾಟವಿಲ್ಲ, ಲೆನ್ಸಿನ ಮುಚ್ಚಳ ಸಿಕ್ಕಿಕೊಳ್ಳುವುದೊಂದನ್ನು ಬಿಟ್ಟರೆ.

ನರಸಾಪುರದ ಫೋನು

ಹ್ಯಾಂಡಿಕ್ಯಾಮಿನ ಮಾರುಕಟ್ಟೆ ಮುರಿದದ್ದು ಫೋನು. ಬೇರೆಡೆಯೂ ಹಾಗೆಯೇ, ಆದರೆ ಇಲ್ಲಿ ಆ ಕತೆಗೆ ಊರಿನ ನಂಟಿದೆ. ಕೋಲಾರ ತಾಲ್ಲೂಕಿನ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ವಿಸ್ಟ್ರಾನ್ ಕಂಪನಿ ಐಫೋನ್ ಜೋಡಿಸುವ ಕಾರ್ಖಾನೆ ನಡೆಸಿತು, 2023ರಲ್ಲಿ ಅದು ಟಾಟಾ ತೆಕ್ಕೆಗೆ ಬಂತು. ಸುತ್ತಲ ಹಳ್ಳಿಗಳ ಹುಡುಗ ಹುಡುಗಿಯರು ಪಾಳಿಯ ಮೇಲೆ ಜೋಡಿಸುವ ಆ ಫೋನಿನ ಸೆನ್ಸರ್ ಹ್ಯಾಂಡಿಕ್ಯಾಮಿನದಕ್ಕಿಂತ ದೊಡ್ಡದು, ಕತ್ತಲೆಯಲ್ಲಿ ಅದರ ಲೆಕ್ಕಾಚಾರ ಇನ್ನೂ ಜಾಣ. ತೆಗೆದದ್ದು ಅರೆಗಳಿಗೆಯಲ್ಲಿ ವಾಟ್ಸ್ಆ್ಯಪ್‌ಗೆ ಹೋಗುತ್ತದೆ. ಹ್ಯಾಂಡಿಕ್ಯಾಮಿನದು ಮೊದಲು ಕಂಪ್ಯೂಟರಿಗೆ ಇಳಿಯಬೇಕು.

ಆದರೂ ಪೂರ್ತಿ ಸೋತಿತೆನ್ನಲಾಗದು. ಫೋನಿನ ಜೂಮ್ ರಥಬೀದಿಯ ಈ ತುದಿಯಿಂದ ಆ ತುದಿ ಮುಟ್ಟುವುದಿಲ್ಲ, ತೆಗೆಯುತ್ತಿರುವಾಗ ಕರೆ ಬರುತ್ತದೆ. 2020–21ರಲ್ಲಿ ಮದುವೆಗೆ ಬರುವವರ ಸಂಖ್ಯೆಗೆ ಮಿತಿ ಬಿದ್ದಾಗ, ನೆಂಟರು ಯೂಟ್ಯೂಬಿನಲ್ಲಿ ಅಕ್ಷತೆ ಹಾಕುವ ಕಾಲ ಬಂತು. ಆಗ ಮೂಲೆ ಸೇರಿದ್ದ ಹ್ಯಾಂಡಿಕ್ಯಾಮುಗಳು ಎಚ್‌ಡಿಎಂಐ ವೈರಿನ ಮೂಲಕ ಲ್ಯಾಪ್‌ಟಾಪಿಗೆ ಸೇರಿ ನೇರ ಪ್ರಸಾರಕ್ಕೆ ದುಡಿದವು. ಗಂಟೆಗಟ್ಟಲೆ ಓಡಬೇಕೆಂದರೆ ಅವೇ ವಾಸಿ ಎನಿಸಿತ್ತು.

ಸದ್ದು, ಮತ್ತು ಹಳೆಯ ಟೇಪುಗಳು

ಚಿತ್ರಕ್ಕಿಂತ ಹೆಚ್ಚಿನ ದೂರು ಧ್ವನಿಯ ಮೇಲಿತ್ತು. ಸಿಎಕ್ಸ್405ರಂಥ ಕಡಿಮೆ ಬೆಲೆಯ ಮಾದರಿಗಳಲ್ಲಿ ಹೊರಗಿನ ಮೈಕಿಗೆ ತೂತೇ ಇಲ್ಲ. ಒಳಗಿನ ಮೈಕು ಸದ್ದನ್ನು ತಾನೇ ಏರಿಸಿ ಇಳಿಸುತ್ತದೆ. ತಮಟೆ ಹೊಡೆದಾಗ ಬೆದರಿ ಎಲ್ಲವನ್ನೂ ತಗ್ಗಿಸುತ್ತದೆ, ತಮಟೆ ನಿಂತ ಮೇಲೆ ಮೆಲ್ಲನೆ ಕಿವಿ ತೆರೆಯುತ್ತದೆ. ಅಷ್ಟರಲ್ಲಿ ಹಾಡಿನ ಮೊದಲ ಸಾಲು ಹೋಗಿರುತ್ತದೆ. ಪುರೋಹಿತರು ಮೂವತ್ತಡಿ ದೂರ, ಕ್ಯಾಮೆರಾ ಹಿಡಿದವರ ಚಿಕ್ಕಮ್ಮ ಅರ್ಧ ಅಡಿ ದೂರ. ಹಾಗಾಗಿ ಮಂತ್ರ ಕೇಳದು, ಚಿಕ್ಕಮ್ಮ ಕೇಳುತ್ತಾರೆ.

ಸ್ಟುಡಿಯೋ ವಿಡಿಯೋಗಳಲ್ಲಿ ಇದಕ್ಕೆ ‘ಮಿಕ್ಸಿಂಗ್’ ಎಂಬ ಪರಿಹಾರವಿತ್ತು. ಮೂಲ ಧ್ವನಿ ಅಳಿಸಿ ಅದರ ಮೇಲೆ ಆ ವರ್ಷದ ಸಿನಿಮಾ ಹಾಡು ಹಾಕಿ, ಹೃದಯಾಕಾರದ ಚೌಕಟ್ಟಿನಲ್ಲಿ ವಧೂವರರನ್ನು ತಿರುಗಿಸಿ ಕೊಡುತ್ತಿದ್ದರು. ಮನೆಯವರೇ ತೆಗೆದ ಹ್ಯಾಂಡಿಕ್ಯಾಮ್ ಟೇಪಿಗೆ ಆ ಭಾಗ್ಯ ಇರಲಿಲ್ಲ. ಅದು ಹಾಗೆಯೇ ಉಳಿಯಿತು. ಇವತ್ತು ಎರಡನ್ನೂ ಪಕ್ಕಪಕ್ಕ ಇಟ್ಟರೆ ಬೆಲೆ ಅದಲುಬದಲಾಗಿದೆ. ಸ್ಟುಡಿಯೋ ಕ್ಯಾಸೆಟ್ಟಿನಲ್ಲಿ ಬಾಯಿಗಳು ಅಲ್ಲಾಡುತ್ತವೆ, ಮಾತಿಲ್ಲ. ಹ್ಯಾಂಡಿಕ್ಯಾಮ್ ಟೇಪಿನಲ್ಲಿ ಚಿತ್ರ ಅಲುಗುತ್ತದೆ, ಆದರೆ ಮಾತಿದೆ: ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುವ, ನಡುವೆ ಉರ್ದು ಹಾಕಿ ಬೈಯುವ ಈ ಸೀಮೆಯ ಮಾತು. ‘ಲೇ, ಪಕ್ಕಕ್ಕಿ ಜರುಗು, ಹೆಣ್ಣು ಕಾಣ್ತಾ ಇಲ್ಲ’ ಎಂದು ಕ್ಯಾಮೆರಾ ಹಿಂದಿನಿಂದ ಕೂಗಿದ ದನಿ ಯಾರದೆಂದು ಮನೆಯವರಿಗಷ್ಟೇ ಗೊತ್ತು. ಭಾಷೆಯ ಅಧ್ಯಯನ ಮಾಡುವವರಿಗೆ ಇದಕ್ಕಿಂತ ಸಹಜವಾದ ಧ್ವನಿಸಂಗ್ರಹ ಸಿಗುವುದು ಕಷ್ಟ.

ಇವು ಬೀರುವಿನಲ್ಲಿ ಸುಮ್ಮನೆ ಉಳಿಯುವ ವಸ್ತುಗಳಲ್ಲ. ಟೇಪಿನ ಕಾಂತಪೊರೆ ವರ್ಷಗಳು ಕಳೆದಂತೆ ಉದುರುತ್ತದೆ. ವಿಎಚ್‌ಎಸ್ ವಿಸಿಆರ್ ತಯಾರಿಕೆ 2016ರಲ್ಲಿ ಜಪಾನಿನ ಫುನಾಯ್ ಕಂಪನಿ ಕೈಬಿಡುವುದರೊಂದಿಗೆ ನಿಂತುಹೋಯಿತು. ಮಿನಿಡಿವಿ ಇಳಿಸಲು ಬೇಕಾದ ಫೈರ್‌ವೈರ್ ಕಿಂಡಿ ಹೊಸ ಕಂಪ್ಯೂಟರುಗಳಲ್ಲಿಲ್ಲ. ಸಣ್ಣ ಡಿವಿಡಿಯ ಕ್ಯಾಮೆರಾಗಳದು ಬೇರೆಯೇ ಗೋಳು: ಕೊನೆಯಲ್ಲಿ ‘ಫೈನಲೈಸ್’ ಎಂಬ ಗುಂಡಿ ಒತ್ತದಿದ್ದರೆ ಆ ತಟ್ಟೆ ಮನೆಯ ಪ್ಲೇಯರಿನಲ್ಲಿ ಓಡದು, ಕ್ಯಾಮೆರಾ ಕೆಟ್ಟುಹೋದ ಮೇಲೆ ಒತ್ತಲು ಗುಂಡಿಯೂ ಇಲ್ಲ. ಹಾಗಾಗಿ ಹಳೆಯ ಹ್ಯಾಂಡಿಕ್ಯಾಮ್ ಕೆಟ್ಟಿದ್ದರೂ ಗುಜರಿಗೆ ಹಾಕಬಾರದು. ಆ ಟೇಪನ್ನು ಓಡಿಸಬಲ್ಲ ಯಂತ್ರ ಬಹುಶಃ ಅದೊಂದೇ, ರಿಪೇರಿ ಮಾಡಿಸಿದರೂ ನಷ್ಟವಿಲ್ಲ. ಟೇಪನ್ನು ಪೆನ್‌ಡ್ರೈವಿಗೆ ಹಾಕಿಕೊಡುವ ಸ್ಟುಡಿಯೋಗಳಿವೆ. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು, ಅವಸರ ಸಲ್ಲದು. ಕೊಡುವಾಗ ಒಂದು ಮಾತು ಒತ್ತಿ ಹೇಳಬೇಕು: ಬಣ್ಣ ಹೋಗಿದ್ದರೆ ಇರಲಿ, ಚಿತ್ರ ಅಲುಗಿದರೆ ಅಲುಗಲಿ, ಮೇಲೆ ಹಾಡು ಮಾತ್ರ ಹಾಕಬೇಡಿ.